ಭಾವನ ಹಿಂದೆ ಹೋಗುವ ನೊಣಗಳು

ಮಾರ್ಚ್ ೩

ಪ್ರೀತಿಯ ಗುಬ್ಬಿ,

ಡಬ್ಬಿ ಬಿಚ್ಚುವಾಗ ಮೂಗು ಹತ್ತಿರ ತರಬೇಡ, ಸ್ಪಿರಿಟ್ ಸ್ವಲ್ಪ ಚೆಲ್ಲಿದೆ. ಹತ್ತಿಯಲ್ಲಿ ಸುತ್ತಿಟ್ಟಿರುವ ಸಣ್ಣ ಸೀಸೆಗಳಲ್ಲಿ ನಮ್ಮ ಸೀಬೆ ತೋಟದ ಹಣ್ಣುನೊಣಗಳಿವೆ. ಕಳೆದ ಸಲ ಬಂದಾಗ ನೀನೇ ಕೇಳಿದ್ದೆಯಲ್ಲ. ಬೇರೆಯವರ ತಂಗಿಯರು ಹಣ್ಣು ಕಳಿಸು ಅನ್ನುತ್ತಾರೆ, ನನ್ನ ತಂಗಿ ನೊಣ ಕಳಿಸು ಅನ್ನುತ್ತಾಳೆ ಎಂದು ಆಗ ನಕ್ಕಿದ್ದೆ. ಈಗ ನಗುವ ಹಾಗಿಲ್ಲ.

ಮೊನ್ನೆ ಪ್ಯಾಕಿಂಗ್ ಶೆಡ್ಡಿಗೆ ಹಣ್ಣು ಕೊಳ್ಳುವವನು ಬಂದಿದ್ದ. ಒಂದು ಹಣ್ಣನ್ನು ಎತ್ತಿ ಬೆಳಕಿಗೆ ಹಿಡಿದ. ಹೊರಗೆ ಒಂದು ಚುಕ್ಕೆಯೂ ಇಲ್ಲ. ಎರಡು ಹೋಳು ಮಾಡಿದ. ಒಳಗೆ ತಿರುಳೇ ಅಲುಗಾಡುತ್ತಿತ್ತು. ಇನ್ನೊಂದನ್ನು ಕೊಯ್ದ, ಮತ್ತೊಂದನ್ನು ಕೊಯ್ದ. ಆಮೇಲೆ ಚಾಕು ಒರೆಸಿಕೊಂಡು ಒಂದು ಮಾತೂ ಆಡದೆ ಹೊರಟುಹೋದ. ಬೈದಿದ್ದರೂ ಚೆನ್ನಾಗಿತ್ತು. ಅವತ್ತಿನಿಂದ ನಿನ್ನ ಭಾವನಿಗೆ ಮಾತು ಕಡಿಮೆ, ಔಷಧಿ ಜಾಸ್ತಿ.

ನಾವು ಏನು ಮಾಡುತ್ತೇವೆಂದು ನಿನಗೆ ಗೊತ್ತು. ಕಾಕಂಬಿಗೆ ಔಷಧಿ ಬೆರೆಸಿ ಎಲೆಗಳ ಮೇಲೆ ಸಿಂಪಡಿಸುತ್ತೇವೆ. ಸಿಹಿಯ ವಾಸನೆಗೆ ನೊಣ ಬರಬೇಕು, ನೆಕ್ಕಬೇಕು, ಸಾಯಬೇಕು. ಮೊದಲೆಲ್ಲ ಬೆಳಿಗ್ಗೆ ಮರದ ಬುಡದಲ್ಲಿ ಸತ್ತ ನೊಣಗಳನ್ನು ಗುಡಿಸುತ್ತಿದ್ದೆ. ಈಗ ಅವು ಬರುತ್ತವೆ, ನೆಕ್ಕುತ್ತವೆ, ಬಾಯಿ ಒರೆಸಿಕೊಂಡು ಹೋಗುತ್ತವೆ. ಅಂಗಡಿಯವನು ಕಲಬೆರಕೆ ಔಷಧಿ ಕೊಟ್ಟಿದ್ದಾನೆ ಎನ್ನುವುದು ಇವರ ವಾದ. ಕೆಟ್ಟಿರುವುದು ಔಷಧಿಯಲ್ಲ, ನೊಣ ಎಂದು ನನಗೆ ಅನುಮಾನ. ನಾನು ಹೇಳಿದರೆ ಹಿತ್ತಲ ಗಿಡ ಮದ್ದಲ್ಲ. ನಿನ್ನ ಪ್ರಯೋಗಾಲಯದ ಯಂತ್ರ ಹೇಳಿದರೆ ಕೇಳಬಹುದು.

ಇದನ್ನು ಫೋನಿನಲ್ಲಿ ಮಾತಾಡುವುದು ಬೇಡ. ಇಲ್ಲಿ ಮೊಬೈಲು ಸಿಗುವುದಿಲ್ಲ, ಮನೆಯ ಫೋನು ಅವರ ಕುರ್ಚಿಯ ಪಕ್ಕದಲ್ಲೇ ಇದೆ. ಸೀಸೆಗಳು ನಿನ್ನ ಯಾವುದೋ ಸಂಶೋಧನೆಗೆ ಎಂದಷ್ಟೇ ಹೇಳಿದ್ದೇನೆ.

ತೋಟ ತುಂಬ ಸುಮ್ಮನಾಗಿದೆ ಗುಬ್ಬಿ. ಮೊದಲು ನನ್ನ ಕಿವಿಯೇ ಮಂದವಾಗಿರಬೇಕು ಅಂದುಕೊಂಡೆ. ಅಡುಗೆಮನೆಗೆ ಬಂದು ಲೋಟ ಕೆಡವಿ ನೋಡಿದೆ. ಸರಿಯಾಗೇ ಕೇಳಿಸಿತು.

ನಿನ್ನ ಅಕ್ಕ

ಮಾರ್ಚ್ ೧೨

ಅಕ್ಕ,

ನಿನ್ನ ನೊಣಗಳು ಸುಖವಾಗಿ ಬಂದು ತಲುಪಿದವು. ಪ್ರಯಾಣದಲ್ಲಿ ಯಾವುದಕ್ಕೂ ತೊಂದರೆಯಾಗಿಲ್ಲ, ಮೊದಲೇ ಸತ್ತಿದ್ದವಲ್ಲ.

ಏನು ಮಾಡುತ್ತೇನೆಂದು ಕೇಳು. ಒಂದೊಂದು ನೊಣದಿಂದ ಒಂದೊಂದು ಕಾಲು ಕೀಳುತ್ತೇನೆ. ಇದಕ್ಕೇನಾ ಅಷ್ಟು ವರ್ಷ ಓದಿದ್ದು ಅನ್ನಬೇಡ. ಆ ಒಂದು ಕಾಲಿನಲ್ಲಿ ಇಡೀ ನೊಣದ ಜಾತಕ ಇರುತ್ತದೆ. ನೊಣದ ನರಗಳಲ್ಲಿ ಒಂದು ಕಿಣ್ವ ಇದೆ. ನರಕ್ಕೆ ಬಂದ ಸುದ್ದಿ ಮುಟ್ಟಿದ ಮೇಲೆ ಅದನ್ನು ಒರೆಸಿಹಾಕುವುದು ಅದರ ಕೆಲಸ. ನಿಮ್ಮ ಔಷಧಿ ಹೋಗಿ ಆ ಕಿಣ್ವವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸುದ್ದಿ ನಿಲ್ಲುವುದೇ ಇಲ್ಲ, ನೊಣ ನಡುಗಿ ನಡುಗಿ ಸಾಯುತ್ತದೆ. ಆದರೆ ಕಿಣ್ವವನ್ನು ಮಾಡುವ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಔಷಧಿಯ ಹಿಡಿತ ಜಾರುತ್ತದೆ. ಆ ಅಕ್ಷರ ಬದಲಾಗಿದೆಯೇ ಎಂದು ನೋಡುವುದು ನನ್ನ ಕೆಲಸ. ಕೊನೆಯಲ್ಲಿ ನೀಲಿ ಬೆಳಕಿನ ಕೆಳಗೆ ಗೆರೆಗಳು ಕಾಣುತ್ತವೆ. ಎರಡು ಗೆರೆ ಬಂದರೆ ಅದು ಹಳೆಯ ನೊಣ, ಔಷಧಿಗೆ ಸಾಯುವಂಥದ್ದು. ಒಂದೇ ಗೆರೆ ಬಂದರೆ ಬದಲಾದದ್ದು. ಮೂರು ಬಂದರೆ ಅಪ್ಪನದೊಂದು ಅಮ್ಮನದೊಂದು, ನಮ್ಮಿಬ್ಬರ ಮೂಗಿನ ಹಾಗೆ.

ಜೀವಂತ ನೊಣಗಳೂ ಬೇಕು. ಹುಳ ಬಿದ್ದ ಹಣ್ಣುಗಳನ್ನು ಮರಳು ಹಾಕಿದ ಬಕೆಟ್ಟಿನಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟು. ಹುಳುಗಳು ಮರಳಿಗಿಳಿದು ಗೂಡಾಗುತ್ತವೆ. ಅಕ್ಕಿಕಾಳಿನ ಹಾಗೆ ಕಾಣುವ ಆ ಗೂಡುಗಳನ್ನು ಜರಡಿ ಹಿಡಿದು ಕಳಿಸು.

ಫಲಿತಾಂಶ ನಮ್ಮ ಮೇಡಂ ಸಹಿ ಹಾಕಿದ ಮೇಲೆಯೇ ಹೊರಗೆ ಹೋಗಬೇಕು. ಆದರೂ ನಿನಗೆ ಹೇಳದೆ ಇರುತ್ತೇನೆಯೇ?

ಭಾವನಿಗೆ ನಮಸ್ಕಾರ ಹೇಳು. ಸಿಂಪಡಿಸುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಾರೆ ತಾನೇ?

ಗುಬ್ಬಿ

ಮಾರ್ಚ್ ೨೫

ಗುಬ್ಬಿ,

ನೀನು ಹೇಳಿದ ಹಾಗೆಯೇ ಮಾಡಿದೆ. ಬಕೆಟ್ಟನ್ನು ಅಡುಗೆಮನೆಯ ಮೂಲೆಯಲ್ಲಿಟ್ಟಿದ್ದೆ. ಹುಳುಗಳು ನೆಗೆಯುತ್ತವೆ ಎಂದು ನೀನು ಹೇಳಿರಲಿಲ್ಲ. ನಾನು ಕೂತು ಕಾಳು ಆರಿಸುತ್ತಿದ್ದರೆ ಬಟ್ಟೆಗೆ ಒಳಗಿನಿಂದ ಟಪ್, ಟಪ್ ಎಂದು ಬಡಿಯುತ್ತಿತ್ತು. ಯಾರೋ ಬೆರಳಿನಿಂದ ಬಾಗಿಲು ತಟ್ಟಿ ಕಾಯುತ್ತಿರುವ ಹಾಗೆ. ಈಗ ಸದ್ದಿಲ್ಲ. ಗೂಡುಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿದ್ದೇನೆ. ಬೇಗ ಬಿಚ್ಚು.

ಮುಖಕ್ಕೆ ಬಟ್ಟೆ ಕಟ್ಟುವುದಿಲ್ಲ. "ಉಸಿರು ಕಟ್ಟುತ್ತೆ" ಅನ್ನುತ್ತಾರೆ. ಬೆನ್ನಿನ ಪಂಪು ಹಳೆಯದಾಯಿತು, ಮುಚ್ಚಳದಿಂದ ಜಿನುಗಿ ಅಂಗಿಯ ಬೆನ್ನೆಲ್ಲ ಅಂಟಂಟು. ಒಗೆಯಲು ಕೊಡುವುದಿಲ್ಲ. ನಾಳೆ ಮತ್ತೆ ಅದೇ ತಾನೇ ಅನ್ನುತ್ತಾರೆ.

ಒಂದು ವಿಚಿತ್ರ ಹೇಳುತ್ತೇನೆ, ನಗಬೇಡ. ನೊಣಗಳು ನಿನ್ನ ಭಾವನ ಹಿಂದೆ ಹೋಗುತ್ತವೆ. ಮೊದಲು ನನ್ನ ಭ್ರಮೆ ಅಂದುಕೊಂಡೆ. ಪಂಪಿನ ಹಿಡಿ ಕಿರ್ ಎಂದ ಕೂಡಲೇ ಎಲೆಗಳ ಕೆಳಗಿನಿಂದ ಏಳುತ್ತವೆ. ಇವರು ಒಂದು ಸಾಲಿನಲ್ಲಿ ಹೋದರೆ ಅವೂ ಅದೇ ಸಾಲಿನಲ್ಲಿ, ಇವರು ತಿರುಗಿದರೆ ಅವೂ ತಿರುಗುತ್ತವೆ. ಮೇಷ್ಟ್ರ ಹಿಂದೆ ಮಕ್ಕಳು ಹೋದ ಹಾಗೆ. ಬೆಳಿಗ್ಗೆ ಇವರು ಎದ್ದು ಕೆಮ್ಮುವ ಹೊತ್ತಿಗೆ ಕಿಟಕಿಯ ಜಾಲರಿಯ ಮೇಲೆ ಆಗಲೇ ಬಂದು ಕೂತಿರುತ್ತವೆ. ನಾನು ಹೇಳಿದರೆ ಇವರು ನಕ್ಕು, "ಮನೇಲಿ ಯಾರಿಗೂ ಬೇಡದವನು ಯಾರಿಗಾದ್ರೂ ಬೇಕಲ್ಲ ಬಿಡು" ಅಂದರು.

ಮತ್ತೆ ಇನ್ನೇನು. ಮಧ್ಯಾಹ್ನ ಊಟಕ್ಕೆ ಕೂತಾಗ "ಲೈಟ್ ಹಾಕಬಾರ್ದಾ, ಕತ್ತಲಾಯ್ತು" ಅನ್ನುತ್ತಾರೆ. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿರುತ್ತದೆ. ಕನ್ನಡಕ ಮಾಡಿಸಬೇಕೇನೋ. ಬೆವರೂ ಬಹಳ.

ನಿನ್ನ ಗೆರೆಗಳು ಏನೆಂದವು?

ಅಕ್ಕ

ಏಪ್ರಿಲ್ ೧೦

ಅಕ್ಕ,

ಪತ್ರ ಬರೆಯುವುದು ತಡವಾಯಿತು, ಕೆಲಸ ಜಾಸ್ತಿ. ಗೂಡುಗಳಿಂದ ನೊಣಗಳು ಎದ್ದಿವೆ. ಚೆನ್ನಾಗಿವೆ. ತುಂಬ ಚೆನ್ನಾಗಿವೆ.

ಪರೀಕ್ಷೆಯನ್ನು ಮತ್ತೊಮ್ಮೆ ಮಾಡೋಣ ಎಂದು ಮೇಡಂ ಹೇಳಿದ್ದಾರೆ. ಇನ್ನೊಂದು ಪ್ರಯೋಗಾಲಯಕ್ಕೂ ಮಾದರಿ ಹೋಗಿದೆ. ಅಲ್ಲಿಂದ ಉತ್ತರ ಬರುವವರೆಗೆ ಏನೂ ಹೇಳುವ ಹಾಗಿಲ್ಲ. ಸದ್ಯಕ್ಕೆ ಹೇಗಿದೆಯೋ ಹಾಗೇ ಇರಲಿ. ನೀವಾಗಿ ಏನನ್ನೂ ಬದಲಾಯಿಸಲು ಹೋಗಬೇಡಿ.

ಭಾವನಿಗೆ ಕನ್ನಡಕ ಮಾಡಿಸು. ನಲವತ್ತಕ್ಕೆ ಚಾಳೀಸು ಬಂದೇ ಬರುತ್ತದೆ. ನೊಣಗಳು ಹಿಂದೆ ಹೋಗುವುದರಲ್ಲಿ ವಿಚಿತ್ರ ಏನೂ ಇಲ್ಲ. ಅಂಗಿಗೆ ಕಾಕಂಬಿ ಮೆತ್ತಿಕೊಂಡು ಓಡಾಡಿದರೆ ನಾನೂ ಹಿಂದೆ ಹೋಗುತ್ತೇನೆ.

ಗುಬ್ಬಿ

ಏಪ್ರಿಲ್ ೨೨

ಗುಬ್ಬಿ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ಅದನ್ನು ಓದಿ ನಾನು ಮೇಜಿನ ಮೇಲೆ ಇಟ್ಟೆ, ಇವರ ಕೈಗೆ ಸಿಕ್ಕಿತು. ಸಿಟ್ಟು ಮಾಡಿಕೊಳ್ಳುತ್ತಾರೆ ಎಂದು ಹೆದರಿದ್ದೆ. ಇಲ್ಲ. ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ, ಕಾಗದಕ್ಕೆ ಮೂಗು ತಾಗಿಸಿಕೊಂಡು ಓದಿದರು.

"ನೋಡು, ನಿನ್ನ ತಂಗೀನೇ ಬರ್ದಿದ್ದಾಳೆ. ಏನೂ ಹೇಳೋ ಹಾಗಿಲ್ಲವಂತೆ. ಅಂದ್ರೆ ನೊಣದಲ್ಲಿ ಏನೂ ಇಲ್ಲ. ಅಳತೆ ಸಾಲ್ತಿಲ್ಲ, ಅಷ್ಟೇ."

"ಬದಲಾಯಿಸಬೇಡಿ ಅಂತಲೂ ಬರೆದಿದ್ದಾಳಲ್ಲ."

"ಔಷಧಿ ಬದಲಾಯಿಸ್ತಿಲ್ವಲ್ಲ. ಅದೇ ಔಷಧಿ, ಸ್ವಲ್ಪ ಜಾಸ್ತಿ."

ಅವತ್ತಿನಿಂದ ಎರಡರಷ್ಟು ಹಾಕುತ್ತಿದ್ದಾರೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ.

ತೋಟ ಯಾಕೆ ಸುಮ್ಮನಿದೆ ಎಂದು ಈಗ ಗೊತ್ತಾಯಿತು. ಕೊಂಬೆಗಳ ನಡುವೆ ಜೇಡರ ಬಲೆ ಇಲ್ಲ. ಕಾಂಡದ ಮೇಲೆ ಇರುವೆ ಸಾಲಿಲ್ಲ. ಜೇನುಹುಳು ಇಲ್ಲ, ಅವನ್ನು ತಿನ್ನಲು ಬರುತ್ತಿದ್ದ ಹಕ್ಕಿಗಳೂ ಇಲ್ಲ. ಇಷ್ಟು ದೊಡ್ಡ ತೋಟದಲ್ಲಿ ಉಸಿರಾಡುವುದು ಎರಡೇ, ಇವರು ಮತ್ತು ಆ ನೊಣಗಳು.

ನಿನ್ನೆ ಸಂಜೆ ಚಹಾ ಆರುತ್ತಿದೆ ಎಂದು ಕರೆಯಲು ಹೋದೆ. ಸಾಲಿನ ತುದಿಯಲ್ಲಿ ಪಂಪು ಇಳಿಸಿ ನಿಂತಿದ್ದರು, ನನಗೆ ಬೆನ್ನು ಮಾಡಿ. ಇವರು ಕಪ್ಪು ಕೋಟು ಯಾವಾಗ ಹಾಕಿಕೊಂಡರು ಅಂದುಕೊಂಡೆ. ಹತ್ತಿರ ಹೋದರೆ ಅದು ಕೋಟಲ್ಲ. ಬೆನ್ನು, ತೋಳು, ಟೋಪಿ, ಎಲ್ಲ ಕಡೆ ಅವೇ. ಹಾರುತ್ತಲೂ ಇಲ್ಲ. ಕೂತು ನೆಕ್ಕುತ್ತಿದ್ದವು. ಇವರು ಮೆಲ್ಲಗೆ ಮಾತಾಡುತ್ತಿದ್ದರು. ಕೆಲಸದವರನ್ನು ಮಾತಾಡಿಸುವ ದನಿಯಲ್ಲಿ. "ನಿಧಾನ, ನಿಧಾನ. ಎಲ್ರಿಗೂ ಇದೆ. ನೂಕಾಡ್ಬೇಡಿ."

"ಯಾರ ಹತ್ರ ಮಾತಾಡ್ತಿದ್ದೀರಿ?" ಅಂದೆ.

ತಿರುಗಿದರು. ಬಾಯಿಂದ ಜೊಲ್ಲು ಇಳಿದು ಗಡ್ಡ ಒದ್ದೆಯಾಗಿತ್ತು. ಒಂದು ಕಣ್ಣಿನ ಕೆಳಗೆ ಚರ್ಮ ತನ್ನಷ್ಟಕ್ಕೆ ಅದುರುತ್ತಿತ್ತು. ನಾನು ನೋಡುತ್ತಿದ್ದೇನೆಂದು ತಿಳಿದು ಒರೆಸಿಕೊಂಡು ನಕ್ಕರು. "ಹಣ್ಣಿನ ವಾಸನೆಗೆ ಬಾಯಲ್ಲಿ ನೀರು ಬರ್ತಾನೇ ಇದೆ" ಅಂದರು.

ಇವರು ಇವರ ಹಾಗಿಲ್ಲ ಗುಬ್ಬಿ. ನನಗೆ ಇದನ್ನು ಯಾರಿಗೆ ಹೇಳಬೇಕೋ ತಿಳಿಯುತ್ತಿಲ್ಲ. ವೈದ್ಯರ ಹತ್ತಿರ ಹೋಗೋಣ ಅಂದರೆ "ಯಾಕೆ, ನನಗೇನು ಹುಚ್ಚಾ?" ಅಂದರು. ಆ ಮಾತನ್ನು ನಾನು ಆಡಿರಲಿಲ್ಲ.

ನಿನಗೆ ಪತ್ರ ಬರೆಯುವುದೂ ಬೇಡವಂತೆ. ಇದನ್ನು ಪ್ಯಾಕಿಂಗ್ ಶೆಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ.

ಅಕ್ಕ

ಏಪ್ರಿಲ್ ೨೯

ಅಕ್ಕ,

ಇದನ್ನು ಹಣ್ಣಿನ ಲಾರಿಯ ಡ್ರೈವರ್ ನಿನ್ನ ಕೈಗೇ ಕೊಡುತ್ತಾನೆ. ನಿಂತಲ್ಲೇ ಓದು, ಓದಿ ತಕ್ಷಣ ಭಾವನ ಹತ್ತಿರ ಹೋಗು.

ಅವರ ಕಣ್ಣು ನೋಡು. ಕಣ್ಣಿನ ನಡುವಿನ ಕಪ್ಪು ಬೊಟ್ಟು ನೆರಳಿನಲ್ಲಿ ಅಗಲವಾಗಬೇಕು. ಅದು ಸೂಜಿ ಚುಚ್ಚಿದಷ್ಟೇ ಇದ್ದರೆ ಅವರಿಗೆ ಬಂದಿರುವುದು ಹುಚ್ಚೂ ಅಲ್ಲ, ಚಾಳೀಸೂ ಅಲ್ಲ. ವಿಷ ಏರಿದೆ. ನಿನ್ನ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಅವರ ಬಟ್ಟೆಯನ್ನೆಲ್ಲ ತೆಗೆಸು, ಸೋಪು ಹಾಕಿ ಮೈ ತೊಳೆ, ಅದೇ ಲಾರಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗು. ಡ್ರೈವರಿಗೆ ಹೇಳಿದ್ದೇನೆ, ಕಾಯುತ್ತಾನೆ. ಔಷಧಿಯ ಖಾಲಿ ಡಬ್ಬಿಯನ್ನು ಜೊತೆಗೆ ಒಯ್ದು ವೈದ್ಯರಿಗೆ ತೋರಿಸು.

ನಮ್ಮಲ್ಲಿ ವಿಷ ಬೆರೆಸುವ ಕೋಣೆಯ ಗೋಡೆಗೆ ವಿಷ ಏರಿದವರ ಲಕ್ಷಣಗಳ ಒಂದು ಪಟ ಅಂಟಿಸಿದ್ದಾರೆ. ಇಷ್ಟು ವರ್ಷ ಅದರ ಪಕ್ಕದಲ್ಲಿ ಕೋಟು ನೇತುಹಾಕಿದ್ದೇನೆ. ನಿನ್ನ ಪತ್ರ ಹಿಡಿದುಕೊಂಡು ಅದರ ಎದುರು ನಿಂತು ಒಂದೊಂದೇ ಸಾಲು ಹೋಲಿಸಿ ನೋಡಿದೆ. ಬೆವರು, ಜೊಲ್ಲು, ಚರ್ಮದ ಅದುರು, ಬೆಳಕು ಮಂಕಾಗುವುದು, ಮನಸ್ಸು ಕದಡುವುದು. ಎಲ್ಲವನ್ನೂ ನೀನು ಬರೆದಿದ್ದೆ. ನಾನು ಕನ್ನಡಕದ ತಮಾಷೆ ಮಾಡಿದೆ.

ಬೆಳಿಗ್ಗೆ ಮನೆಗೆ ಫೋನ್ ಮಾಡಿದ್ದೆ. ಭಾವ ಎತ್ತಿದರು.

"ಅಕ್ಕನ್ನ ಕರೀರಿ ಭಾವ."

"ಅವಳು ಇಲ್ಲಮ್ಮ."

"ಎಲ್ಲಿ ಹೋಗಿದ್ದಾಳೆ?"

"ಇಲ್ಲೇ ಎಲ್ಲೋ ಇರ್ಬೇಕು. ಕತ್ತಲೆ ನೋಡು, ಏನೂ ಕಾಣ್ಸಲ್ಲ."

ಹೊರಗೆ ಹಗಲು. ಅವರ ದನಿಯ ಹಿಂದೆ ಗುಂಯ್ ಎಂದು ಏನೋ ಕೇಳಿಸುತ್ತಿತ್ತು. ಲೈನ್ ಕೆಟ್ಟಿದೆ ಅಂದುಕೊಂಡೆ. ಅವರು ಕೆಮ್ಮಿದಾಗ ಅದು ನಿಂತಿತು. ಕೆಮ್ಮು ನಿಂತ ಮೇಲೆ ಮತ್ತೆ ಶುರುವಾಯಿತು.

ಈಗ ನಿಜ ಹೇಳುತ್ತೇನೆ. ಹಿಂದಿನ ಪತ್ರ ಬರೆಯುವಾಗಲೇ ನನಗೆ ಎಲ್ಲ ಗೊತ್ತಿತ್ತು. ನಿನ್ನ ನೊಣಗಳಲ್ಲಿ ಒಂದೇ ಗೆರೆ. ಎರಡಿಲ್ಲ, ಮೂರೂ ಇಲ್ಲ. ಒಂದನ್ನೂ ಬಿಡದ ಹಾಗೆ ಎಲ್ಲವೂ ಬದಲಾಗಿವೆ. ಗೂಡಿನಿಂದ ಎದ್ದವನ್ನು ಔಷಧಿ ಬಳಿದ ಸೀಸೆಯೊಳಗೆ ಬಿಟ್ಟೆವು. ನಾವು ಸಾಕಿದ ನೊಣಗಳು ಪಕ್ಕದ ಸೀಸೆಯಲ್ಲಿ ಬೆನ್ನ ಮೇಲೆ ಬಿದ್ದು ಒದ್ದಾಡಿ ಸತ್ತವು. ನಿನ್ನವು ಗಾಜಿನ ಮೇಲೆ ನಿಂತು ಮುಂಗಾಲು ಹೊಸೆಯುತ್ತಿದ್ದವು. ಆಮೇಲೆ ಗಾಜನ್ನೇ ನೆಕ್ಕಲು ಶುರುಮಾಡಿದವು. ಸೀಸೆ ತೊಳೆಯುವ ಅಮ್ಮ ಇಣುಕಿ ನೋಡಿ, "ಇದ್ಯಾಕಮ್ಮ, ನಮ್ಮನ್ನೇ ನೋಡ್ತಿವೆ" ಅಂದು ಸೀಸೆಗೆ ಬಟ್ಟೆ ಹೊದಿಸಿದಳು.

ಮೇಡಂ ಬಾಯಿ ಬಿಡಬೇಡ ಅಂದರು. ಸುದ್ದಿ ಹೊರಗೆ ಹೋದರೆ ನಿಮ್ಮ ಇಡೀ ಕಣಿವೆಯ ಹಣ್ಣನ್ನು ಯಾರೂ ಮುಟ್ಟುವುದಿಲ್ಲ, ಇನ್ನೊಬ್ಬರ ಉತ್ತರ ಬರಲಿ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಹೂಂ ಅಂದೆ.

ಔಷಧಿ ಹಿಡಿಯುವ ಆ ಕಿಣ್ವ ನೊಣದ ನರದಲ್ಲಿ ಮಾತ್ರ ಇಲ್ಲ ಅಕ್ಕ. ನಮ್ಮೆಲ್ಲರ ನರದಲ್ಲೂ ಇದೆ. ನೊಣಗಳು ತಮ್ಮದನ್ನು ಬದಲಾಯಿಸಿಕೊಂಡವು. ಭಾವನದು ಹುಟ್ಟಿದಾಗ ಹೇಗಿತ್ತೋ ಹಾಗೇ ಇದೆ. ಈಗ ಆ ತೋಟದಲ್ಲಿ ಔಷಧಿ ಕೊಲ್ಲಬಹುದಾದದ್ದು ಅವರನ್ನು ಮತ್ತು ನಿನ್ನನ್ನು ಮಾತ್ರ.

ರಜೆ ಕೇಳಿದ್ದೇನೆ. ಕೊಡದಿದ್ದರೂ ಬರುತ್ತೇನೆ.

ಗುಬ್ಬಿ

ಏಪ್ರಿಲ್ ೩೦, ಆಸ್ಪತ್ರೆಯಿಂದ

ಗುಬ್ಬಿ,

ಬದುಕಿದ್ದಾರೆ. ಅದನ್ನು ಮೊದಲು ಬರೆಯುತ್ತೇನೆ. ನೀನು ಹೊರಟಿರುತ್ತೀಯೋ ಇಲ್ಲವೋ ತಿಳಿಯದು. ವಾಪಸ್ ಹೋಗುವ ಲಾರಿಯಲ್ಲೇ ಇದನ್ನು ಕಳಿಸುತ್ತೇನೆ.

ನೀನು ಫೋನ್ ಮಾಡಿದಾಗ ನಾನು ಅದೇ ಕೋಣೆಯಲ್ಲಿದ್ದೆ. ಅವರ ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತು ಕಿಟಕಿ ಒರೆಸುತ್ತಿದ್ದೆ. "ಅವಳು ಇಲ್ಲಮ್ಮ" ಅಂದದ್ದು ಕೇಳಿಸಿತು. ಶೆಡ್ಡಿನವರಿಗೆ ಏನೋ ಸಬೂಬು ಹೇಳುತ್ತಿದ್ದಾರೆ ಅಂದುಕೊಂಡು ಸುಮ್ಮನಿದ್ದೆ. ಸಬೂಬಲ್ಲ. ಅವರಿಗೆ ನಾನು ಕಾಣಿಸಿರಲಿಲ್ಲ. ನೀನು ಕೇಳಿದ ಗುಂಯ್ ಸದ್ದು ಲೈನಿನದಲ್ಲ. ಆ ಹೊತ್ತಿಗೆ ಜಾಲರಿಯ ಹರುಕಿನಿಂದ ಅವು ಒಳಗೆ ಬಂದುಬಿಟ್ಟಿದ್ದವು. ಅಂಗಿಯ ಕಾಲರಿನೊಳಗೆ ಇದ್ದವು.

ಪತ್ರ ಓದಿ ಕಣ್ಣು ನೋಡಿದೆ. ಗಸಗಸೆ ಕಾಳು ಗುಬ್ಬಿ, ಅದಕ್ಕಿಂತಲೂ ಚಿಕ್ಕದು. ಅಷ್ಟು ದೊಡ್ಡ ಕಣ್ಣಿನಲ್ಲಿ ನನ್ನನ್ನು ನೋಡಲು ಅಷ್ಟೇ ಜಾಗ ಉಳಿದಿತ್ತು.

ಮೈ ತೊಳೆಸಿಕೊಂಡರು, ಮಗುವಿನ ಹಾಗೆ. ಆದರೆ ಲಾರಿ ಹತ್ತಲು ಒಪ್ಪಲಿಲ್ಲ. ಬಾಗಿಲು ಹಿಡಿದುಕೊಂಡು ನಿಂತರು. ನಾನೂ ಡ್ರೈವರೂ ಸೇರಿ ಎಳೆದರೂ ಆಗಲಿಲ್ಲ.

"ನಾನು ಹೋದ್ರೆ ಅವಕ್ಕೆ ಯಾರು ಹಾಕ್ತಾರೆ?"

"ಯಾವಕ್ಕೆ?" ಅಂದ ಡ್ರೈವರ್.

ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಕೊಲ್ಲುವುದಕ್ಕೆ ಹೋಗುತ್ತಿದ್ದವರು ಯಾವ ದಿನದಿಂದ ಬಡಿಸುವುದಕ್ಕೆ ಹೋಗತೊಡಗಿದರೋ, ಅದು ಮಾತ್ರ ನನಗೆ ಗೊತ್ತಾಗಲಿಲ್ಲ.

"ನಾನು ಹಾಕ್ತೀನಿ" ಅಂದೆ.

"ಆಣೆ?"

"ಆಣೆ."

ಹತ್ತಿ ಕೂತರು.

ಅವರ ಅಂಗಿಯನ್ನು ಒಗೆಯುವ ಕಲ್ಲಿನ ಮೇಲೆ ಬಿಟ್ಟಿದ್ದೆ. ಲಾರಿ ತಿರುಗುವಾಗ ಕನ್ನಡಿಯಲ್ಲಿ ಕಂಡಿತು. ಬಿಳಿ ಅಂಗಿ ಕಪ್ಪಾಗಿ ಉಬ್ಬಿತ್ತು, ಒಳಗೆ ಯಾರೋ ಮಲಗಿದ ಹಾಗೆ. ಒಂದು ತೋಳು ಸ್ವಲ್ಪ ಎದ್ದು ಮತ್ತೆ ಬಿತ್ತು. ಗಾಳಿ ಇರಲಿಲ್ಲ. ಡ್ರೈವರ್ ಕೂಡ ನೋಡಿದ. ಗಾಜು ಏರಿಸಿಕೊಂಡ.

ಇಲ್ಲಿ ವೈದ್ಯರು ಡಬ್ಬಿ ನೋಡಿದ ಕೂಡಲೇ ಸೂಜಿ ಹಾಕಿದರು, ಮತ್ತೆ ಮತ್ತೆ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಜೊಲ್ಲು ನಿಂತಿತು. ಕಣ್ಣಿನ ಬೊಟ್ಟು ಅಗಲವಾಗುತ್ತ ಹೋಯಿತು. ಕಣ್ಣು ಮುಚ್ಚಿಕೊಂಡು, "ಇಷ್ಟೊಂದು ಬೆಳಕು ಯಾಕೆ ಹಾಕಿದ್ದೀರಿ, ಆರಿಸಿ" ಎಂದು ಅತ್ತರು. ನನ್ನ ಕೈ ಮಾತ್ರ ಬಿಡಲಿಲ್ಲ.

ನಿನ್ನ ಮೇಲೆ ಸಿಟ್ಟಿದೆಯೋ ಇಲ್ಲವೋ, ಈಗ ಹೇಳಲಾರೆ. ನಾನೂ ಜೊಲ್ಲನ್ನು, ಅದುರನ್ನು ತಡವಾಗಿಯೇ ಬರೆದೆ. ಅದಕ್ಕೂ ಎಷ್ಟೋ ಮೊದಲೇ ನೋಡಿದ್ದೆ. ಬಾ.

ಅಕ್ಕ

ಮೇ ೧೯

ಅಕ್ಕ,

ವಾಪಸ್ ನನ್ನ ಮನೆಗೆ ಬಂದು ತಲುಪಿದೆ. ಆಸ್ಪತ್ರೆಯ ಬೆಂಚಿನ ಮೇಲೆ ನಾವಿಬ್ಬರೂ ಎಷ್ಟೋ ದಿನ ಒಬ್ಬರ ಭುಜಕ್ಕೆ ಒಬ್ಬರು ಒರಗಿ ಕೂತಿದ್ದರೂ ಆಡಬೇಕಾದ ಮಾತು ಆಡಲಿಲ್ಲ. ಪತ್ರದಲ್ಲಿ ಸುಲಭ. ಕ್ಷಮಿಸು ಅನ್ನುವುದಿಲ್ಲ, ನೀನು ಕ್ಷಮಿಸಿಬಿಡುತ್ತೀಯ.

ಇನ್ನೊಂದು ಪ್ರಯೋಗಾಲಯದ ಉತ್ತರ ಬಂದಿದೆ. ನಾವು ಕಂಡದ್ದೇ. ಮೇಡಂ ಈಗ ಎಲ್ಲರಿಗೂ ತಾವೇ ಹೇಳುತ್ತಿದ್ದಾರೆ. ಮೊದಲೇ ಹೇಳಿದ ನನ್ನನ್ನು ಬೀಜದ ಉಗ್ರಾಣಕ್ಕೆ ಹಾಕಿದ್ದಾರೆ. ಅಲ್ಲಿ ತಣ್ಣಗಿದೆ, ನೊಣ ಇಲ್ಲ. ಹೋಗುವ ಮುಂಚೆ ನಿನ್ನ ನೊಣಗಳ ಪಂಜರವನ್ನು ನಾನೇ ಫ್ರೀಜರಿನಲ್ಲಿಟ್ಟೆ. ಔಷಧಿಗೆ ಸಾಯದವು ಚಳಿಗೆ ಸತ್ತವು.

ನಿಮ್ಮ ಬೆಟ್ಟದ ಆಚೆಯ ತೋಟಗಳಿಂದಲೂ ಸೀಸೆಗಳು ಬರುತ್ತಿವೆ. ಅವುಗಳಲ್ಲೂ ಒಂದೇ ಗೆರೆ. ಆ ಮನೆಗಳಿಗೆಲ್ಲ ವಿಷದ ಲಕ್ಷಣಗಳನ್ನು ಬರೆದು ಕಳಿಸಿದ್ದೇನೆ. ಯಾರನ್ನೂ ಕೇಳಲಿಲ್ಲ.

ನೀನು ಮಾಡಬೇಕಾದದ್ದು ಇಷ್ಟು. ಮರದಲ್ಲಿ ಒಂದು ಕಾಯಿಯೂ ಉಳಿಯಬಾರದು. ಎಲ್ಲ ಕಿತ್ತು ಆಳದ ಗುಂಡಿಯಲ್ಲಿ ಹೂತು ಮಣ್ಣು ದಮ್ಮಸು ಮಾಡಿಸು. ಹಣ್ಣು ಸಿಗದಿದ್ದರೆ ಅವಕ್ಕೆ ಸಂತಾನವಿಲ್ಲ. ಮುಂದಿನ ಬೆಳೆಗೆ ಪ್ರತಿ ಕಾಯಿಗೂ ಚೀಲ ಕಟ್ಟಬೇಕು. ಔಷಧಿ ಮಾತ್ರ ಬೇಡ. ಕಾಕಂಬಿಯೂ ಬೇಡ.

ಗುಬ್ಬಿ

ಜೂನ್ ೧೬

ಗುಬ್ಬಿ,

ನೀನು ಹೇಳಿದ ಹಾಗೆ ತೋಟ ಬರಿದು ಮಾಡಿಸಿದೆ. ಶೆಡ್ಡಿನ ಹೆಂಗಸರೆಲ್ಲ ಬಂದು ಕಿತ್ತುಕೊಟ್ಟರು. ಗುಂಡಿ ಮುಚ್ಚಿದ ಮೇಲೆ ಒಬ್ಬಳು ಮಣ್ಣಿನ ಮೇಲೆ ಕೈಯಿಟ್ಟು, "ಬೆಚ್ಚಗಿದೆ ಕಣಕ್ಕ" ಅಂದಳು. ನಾನೂ ಇಟ್ಟು ನೋಡಿದೆ. ಮೈ ಕಾದ ಮಗುವಿನ ಹಣೆಯ ಹಾಗಿತ್ತು. ಹಣ್ಣು ಕೊಳೆಯುವಾಗ ಹಾಗೇ ಅಂತೆ.

ಅವರು ಆಸ್ಪತ್ರೆಯಲ್ಲಿ ದಿನವೂ ಕೇಳುತ್ತಿದ್ದರು, "ಹಾಕಿದೆಯಾ?" ಅಂತ. "ಹಾಕಿದೆ" ಅನ್ನುತ್ತಿದ್ದೆ. ಸುಳ್ಳು ಎಂದು ನಿನಗೆ ಗೊತ್ತು, ನೀನು ಪಕ್ಕದಲ್ಲೇ ಇದ್ದೆ. ನೀನು ಹೋದ ಮೇಲಿನದು ನಿನಗೆ ಗೊತ್ತಿಲ್ಲ.

ಬಟ್ಟೆ ತರಲು, ಮೋಡ ಕವಿದು ಚಳಿಯಾಗಿದ್ದ ಒಂದು ಮಧ್ಯಾಹ್ನ, ಮನೆಗೆ ಬಂದಿದ್ದೆ. ಕಾಯಿ ಕಿತ್ತು ಮೂರೋ ನಾಲ್ಕೋ ದಿನ ಆಗಿತ್ತು. ತೋಟದೊಳಗೆ ಹೋದರೆ ಮೊದಲಿನ ಸದ್ದೂ ಇಲ್ಲ. ಅಷ್ಟೊಂದು ಎಲೆ, ಒಂದೂ ಜೀವ ಇಲ್ಲದ ಹಾಗೆ. ಆಣೆ ಮಾಡಿದ್ದೆನಲ್ಲ ಅನ್ನಿಸಿತು. ಒಂದೇ ಸಲ, ಹೇಗಿರುತ್ತದೋ ನೋಡೋಣ ಅನ್ನಿಸಿತು. ಚೊಂಬಿನಲ್ಲಿ ಕಾಕಂಬಿ ಕಲಸಿಕೊಂಡು ಹೋದೆ. ಔಷಧಿ ಹಾಕಲಿಲ್ಲ, ಆಣೆ ಇದ್ದರೂ ಹಾಕಲಿಲ್ಲ. ಎಲೆಗಳಿಗೆ ಚಿಮುಕಿ ನಿಂತೆ. ಎಲ್ಲಿದ್ದವೋ, ಬಂದವು. ಎಲೆಗೆ ಹೋಗಲಿಲ್ಲ. ನನ್ನ ಸ್ವೆಟರಿನ ತೋಳಿಗೆ ಒಂದಿಷ್ಟು ಚೆಲ್ಲಿತ್ತು, ಅಲ್ಲಿ ಬಂದು ಕೂತವು. ಹೊನ್ನಿನ ಬಣ್ಣದ ಮೈ, ಗಾಜಿನ ರೆಕ್ಕೆ. ಅಷ್ಟು ಹತ್ತಿರದಿಂದ ನಾನು ಯಾವತ್ತೂ ನೋಡಿರಲಿಲ್ಲ. ಅವುಗಳ ಬಾಯಿ ಉಣ್ಣೆಯ ಮೂಲಕ ಚರ್ಮಕ್ಕೆ ತಾಗುವುದು ಗೊತ್ತಾಗುತ್ತಿತ್ತು.

ಇವರು ಮನೆಗೆ ಬಂದು ಒಂದು ವಾರವಾಯಿತು. ಕೈ ನಡುಗುತ್ತದೆ, ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಮಾತು ನೆಟ್ಟಗಿದೆ. ನನ್ನನ್ನು ನೋಡಿ ಮಾತಾಡುತ್ತಾರೆ. ಹಿಂದಿನದು ಏನೂ ನೆನಪಿಲ್ಲ ಅನ್ನುತ್ತಾರೆ, ಎಲ್ಲ ನೆನಪಿದೆ ಎಂದು ನನಗೆ ಗೊತ್ತು. ಇವತ್ತು ಬೆಳಿಗ್ಗೆ "ತೋಟಕ್ಕೆ ಹೋಗೋಣ, ಒಂದು ಸುತ್ತು" ಅಂದರು. ಹೊಸ ಅಂಗಿ ಹಾಕಿಸಿ, ಕೈ ಹಿಡಿದು ಕರೆದುಕೊಂಡು ಹೋದೆ. ರಾತ್ರಿ ಮಳೆ ಬಂದಿತ್ತು, ಚಳಿ ಎಂದು ನಾನು ಅದೇ ಒಗೆಯದ ಸ್ವೆಟರ್ ಹಾಕಿಕೊಂಡೆ. ಯೋಚನೆ ಮಾಡದೆ ಹಾಕಿಕೊಂಡೆ ಎಂದು ನಿನಗೆ ಹೇಳಬೇಕೆಂದಿದೆ.

ಸಾಲಿನ ತುದಿಗೆ ಹೋಗಿ ನಿಂತರು. ನಡುಗುವ ಕೈಗಳನ್ನು ಮೈಯಿಂದ ಸ್ವಲ್ಪ ದೂರ ಹಿಡಿದುಕೊಂಡರು. ಕಾದರು. ನಾನೂ ಕಾದೆ.

ಅವು ಬಂದವು. ಬಹಳ ಇರಲಿಲ್ಲ, ಉಳಿದಷ್ಟೇ. ಇವರ ಮುಖದ ಮುಂದೆಯೇ ಹಾದುಹೋದವು. ಬಂದು ನನ್ನ ತೋಳಿನ ಮೇಲೆ ಕೂತವು.

ಇವರು ನೋಡಿದರು. ಎಷ್ಟೋ ಹೊತ್ತು ನೋಡಿದರು. "ಓಹ್" ಅಂದರು, ಅಷ್ಟೇ. ನನ್ನ ಗಂಡ ನನ್ನನ್ನು ಹಾಗೆ ಯಾವತ್ತೂ ನೋಡಿರಲಿಲ್ಲ. ಮದುವೆಯಾದ ಹೊಸತರಲ್ಲೂ ಯಾವ ಗಂಡಸಿನ ಬಗ್ಗೆಯೂ ಅವರಿಗೆ ಹೊಟ್ಟೆಕಿಚ್ಚು ಇದ್ದದ್ದನ್ನು ನಾನು ಕಂಡಿಲ್ಲ.

"ಕೊಡವು" ಅಂದರು. "ಕೊಡವೇ."

ಕೊಡವಬೇಕಿತ್ತು ಗುಬ್ಬಿ. ಕೈ ಆಡಿಸಿದರೆ ಸಾಕಿತ್ತು, ಹಾರಿಹೋಗುತ್ತಿದ್ದವು. ನಾನು ಆಡಿಸಲಿಲ್ಲ. ಅವು ಉಂಡು ಮುಗಿಸಲಿ ಎಂದು ನಿಂತಿದ್ದೆ.

ಈಗ ಇವರು ಒಳಗೆ ಮಲಗಿದ್ದಾರೆ. ಸ್ವೆಟರನ್ನು ಒಲೆಗೆ ಹಾಕಿ ಬಂದು ಬರೆಯುತ್ತಿದ್ದೇನೆ. ಚೀಲ ಕಟ್ಟುವುದು, ಮುಂದಿನ ಬೆಳೆ, ಅದೆಲ್ಲ ಯಾರಾದರೂ ಮಾಡಿಕೊಳ್ಳಲಿ. ಪಕ್ಕದ ತೋಟದವನಿಗೆ ಕೀಲಿ ಕೊಡುತ್ತೇನೆ. ನಿನ್ನ ಮನೆ ಚಿಕ್ಕದು ಎಂದು ಗೊತ್ತು, ನೆಲದ ಮೇಲೆ ಮಲಗಿಕೊಳ್ಳುತ್ತೇವೆ. ಈ ಪತ್ರ ತಂದ ಲಾರಿಯಲ್ಲೇ ಹತ್ತಿ ಬಾ. ಬಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೋಗು. ನಾಳೆಯಾಗಲಿ ಅನ್ನಬೇಡ. ನಾಳೆ ನಾನು ಬರುವುದಿಲ್ಲ ಅಂದುಬಿಡಬಹುದು.

ನಿನ್ನ ಅಕ್ಕ